ಶೇಷಪ್ಪನ ಹಳದಿ ದೀಪ

ಹೊಸನಗರದ ಬಸ್ ಸ್ಟ್ಯಾಂಡಿನ ಎದುರು ಬಾಡಿಗೆ ಕಾರು ನಿಲ್ಲಿಸಿಕೊಂಡು ಕೂರುತ್ತಿದ್ದವರು ಆಗ ಮೂರೇ ಜನ. ಅವರಲ್ಲಿ ಶೇಷಪ್ಪನದು ಬೂದು ಬಣ್ಣದ ಅಂಬಾಸಿಡರ್. ಕಾರ್ಗಲ್ಲಿನಲ್ಲಿ ಅಣೆಕಟ್ಟಿನ ಕೆಲಸ ನಡೆಯುವಾಗ ಐದು ವರ್ಷ ಲಾರಿ ಓಡಿಸಿದ್ದ. ಕೆಲಸ ಮುಗಿದ ಮೇಲೆ ಊರಿಗೆ ಬಂದು, ಯಾರೋ ಡಾಕ್ಟರು ಓಡಿಸಿ ಬಿಟ್ಟಿದ್ದ ಆ ಕಾರನ್ನು ಕೊಂಡಿದ್ದ. ಬೆಳಿಗ್ಗೆ ಕಾರು ಒರೆಸದೆ ಕಾಫಿ ಕುಡಿಯುವವನಲ್ಲ. ಒರಟು ಮಾತು ಗೊತ್ತಿಲ್ಲ, ಬೀಡಿ ಸೇದುವುದಿಲ್ಲ. ಅವನಿಗಿದ್ದ ದೌರ್ಬಲ್ಯ ಒಂದೇ: ತನ್ನ ಕಾರನ್ನು ಯಾರಾದರೂ ಹೊಗಳಿದರೆ ಆ ದಿನವೆಲ್ಲ ಅವನ ಮುಖ ಅರಳಿರುತ್ತಿತ್ತು.

ಆ ಕಾರಿಗೆ ಒಂದು ಕೊರತೆಯಿತ್ತು. ಹೆಡ್‌ಲೈಟು ಮಂಕು. ಬಸ್ಸಿನ ಡ್ರೈವರ್ ಜಟ್ಟಿಂಗಪ್ಪ ಒಮ್ಮೆ ಎಲ್ಲರೆದುರು, "ಶೇಷಪ್ಪನ ಕಾರು ಬರೋದು ಹಾರನ್ನಿಂದ ಗೊತ್ತಾಗ್ತದೆ, ಲೈಟಿಂದ ಅಲ್ಲ" ಎಂದು ನಗೆಯಾಡಿದ. ಶೇಷಪ್ಪನೂ ನಕ್ಕ. ಆದರೆ ಮಾತು ಒಳಗೆ ನಾಟಿತು. ಅರವತ್ತಾರನೇ ಇಸವಿಯ ಬೇಸಿಗೆಯಲ್ಲಿ ತೀರ್ಥಹಳ್ಳಿಗೆ ಬಾಡಿಗೆ ಸಿಕ್ಕಿದಾಗ, ಮೋಟಾರು ಸಾಮಾನಿನ ಅಂಗಡಿ ಇಟ್ಟಿದ್ದ ನಾಗರಾಜಪ್ಪನ ಮುಂದೆ ಹೋಗಿ ನಿಂತ.

"ನಿಮ್ಮ ಹತ್ರ ಇರೋದ್ರಲ್ಲಿ ಎಲ್ಲಕ್ಕಿಂತ ಜೋರಿನ ಬಲ್ಬು ಕೊಡಿ ಸಾಹುಕಾರ್ರೇ."

ನಾಗರಾಜಪ್ಪ ಕನ್ನಡಕದ ಮೇಲಿನಿಂದ ನೋಡಿದ. "ಓಡಿಸೋದು ಯಾವ ರಸ್ತೇಲಿ?"

"ರಸ್ತೆ ಯಾವ್ದಾದ್ರೇನು? ಬೆಳಕು ಬೇಕು."

"ಹಾಗಲ್ಲ ಶೇಷಪ್ಪ. ಗಾಡಿ ಒಂದ್ಸಲ ನೋಡ್ತೀನಿ, ಹತ್ತು ನಿಮಿಷ ನಿಲ್ಲಿ."

ಕಾರಿನಲ್ಲಿ ಕೂತವರು ಅವಸರ ಮಾಡುತ್ತಿದ್ದರು. ಶೇಷಪ್ಪ ನಿಲ್ಲಲಿಲ್ಲ. ಮೂವತ್ತಾರು ವ್ಯಾಟಿನ ಹಳೇ ಬಲ್ಬಿನ ಜಾಗಕ್ಕೆ ಅರವತ್ತು ವ್ಯಾಟಿನ ಜೋಡಿ ಕೊಂಡು ಹೊರಟ.

ಹಾಕಿದ ದಿನ ಸಂಜೆ ಸ್ಟ್ಯಾಂಡಿನವರೆಲ್ಲ ಬಂದು ನೋಡಿದರು. ದೂರದ ತಿರುವಿನ ಮರದ ಎಲೆಗಳನ್ನು ಎಣಿಸಬಹುದಿತ್ತು. "ಸೂರ್ಯನ್ನೇ ಕಟ್ಕಂಡು ಬಂದಿದೀಯಲ್ಲೋ!" ಎಂದರು. ಶೇಷಪ್ಪನಿಗೆ ಇನ್ನೇನು ಬೇಕಿತ್ತು? ಎದುರಿಗೆ ಬಂದ ಜಟ್ಟಿಂಗಪ್ಪ ಕಣ್ಣು ಕತ್ತಲಿಟ್ಟು ಬಸ್ಸನ್ನು ಪಕ್ಕದ ಮಣ್ಣಿಗೆ ಇಳಿಸಿ ಬೈದಾಗಲೂ, ಅವನಿಗೆ ಹೊಟ್ಟೆಕಿಚ್ಚು ಎಂದುಕೊಂಡ. ದೀಪ ಹಾಕಿದಾಗೆಲ್ಲ ಬ್ಯಾಟರಿ ಬರಿದಾಗುತ್ತಿದೆ ಎಂದು ಅಮ್ಮೀಟರಿನ ಮುಳ್ಳು ಎಡಕ್ಕೆ ವಾಲುತ್ತಿದ್ದುದನ್ನು ಕಂಡೂ ಕಾಣದಂತಿದ್ದ.

ಮಳೆ ಹಿಡಿಯಿತು. ಆಷಾಢದ ಒಂದು ಬೆಳಿಗ್ಗೆ ನಗರ ಎಂಬ ಊರಿನ ಆಚೆಗಿದ್ದ ದುಗ್ಗಮ್ಮನನ್ನು ಘಟ್ಟದ ಕೆಳಗಿನ ಸಿದ್ದಾಪುರಕ್ಕೆ ಬಿಡಬೇಕಿತ್ತು. ಅಲ್ಲಿ ಅವಳ ಮಗಳಿಗೆ ಹೆರಿಗೆಯ ದಿನ ಹತ್ತಿರವಾಗಿತ್ತು. ದುಗ್ಗಮ್ಮ ಅರವತ್ತರ ಹೆಂಗಸು. ಮನೆಯಿಂದ ರಸ್ತೆಗೆ ನಡೆದು ಬರಲು ತಂದಿದ್ದ ಲಾಟೀನನ್ನು ಆರಿಸಿ ಕಾಲ ಬಳಿ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಳು.

ಹುಲಿಕಲ್ ತಲುಪಿದಾಗ ಬೆಳಗಿನ ಆರು ಗಂಟೆ. ಬೆಳಕು ಹರಿಯಬೇಕಿದ್ದ ಹೊತ್ತು, ಆದರೆ ಘಾಟಿಯ ಬಾಯಲ್ಲಿ ಮಂಜು ಹಿಟ್ಟು ಚೆಲ್ಲಿದಂತೆ ತುಂಬಿತ್ತು. ಶೇಷಪ್ಪ ದೀಪವನ್ನು ಪೂರ್ತಿ ಜೋರು ಮಾಡಿದ. ಬೆಳಕೆಲ್ಲ ಮಂಜಿಗೆ ಬಡಿದು ಅವನ ಕಣ್ಣಿಗೇ ವಾಪಸು ಬಂತು. ಬಾನೆಟ್ಟಿನ ತುದಿಯಲ್ಲಿ ಯಾರೋ ಸುಣ್ಣ ಬಳಿದ ಗೋಡೆ ಎಬ್ಬಿಸಿದ ಹಾಗೆ. ಡಿಮ್ ಮಾಡಿದರೂ ಅಷ್ಟೇ. ಆರಿಸಿದರೆ ಏನೂ ಇಲ್ಲ. ಎಡಕ್ಕೆ ಕಣಿವೆ ಎಂಬುದು ಮಾತ್ರ ಗೊತ್ತಿತ್ತು. ಅವನು ಕಾರು ನಿಲ್ಲಿಸಿದ.

"ಅಮ್ಮಾ, ಮಂಜು ಇಳಿಯೋ ತನಕ ಕಾಯ್ಬೇಕು."

"ಹೆರಿಗೆ ಕಾಯ್ತದಾ?" ಎಂದು ದುಗ್ಗಮ್ಮ ಲಾಟೀನು ಹಚ್ಚಿ ಕೆಳಗಿಳಿದಳು. "ನಿನ್ನ ದೊಡ್ಡ ದೀಪ ಆರ್ಸು. ನಾ ಮುಂದೆ ನಡೀತೀನಿ, ನೀ ಹಿಂದೆ ಬಾ."

ಸೆರಗು ತಲೆಗೆ ಹೊದ್ದು, ಲಾಟೀನನ್ನು ಮೊಣಕಾಲಿಗಿಂತ ಕೆಳಗೆ, ನೆಲಕ್ಕೆ ತಾಗುತ್ತದೋ ಎನ್ನುವಂತೆ ಹಿಡಿದು ಹೊರಟಳು. ಶೇಷಪ್ಪ ಕಿಟಕಿಯಿಂದ ಕೂಗಿದ: "ಎತ್ತಿ ಹಿಡೀರಿ ಅಮ್ಮಾ!"

"ಎತ್ತಿದ್ರೆ ಮಂಜು ಕಾಣ್ತದೆ ಮಾರಾಯ, ದಾರಿ ಕಾಣಲ್ಲ. ದಿನಾ ಕೊಟ್ಟಿಗೆಗೆ ಹೋಗೋಳು ನಾನು!"

ನಿಜವಾಗಿಯೂ ಆ ಸಣ್ಣ ಹಳದಿ ಬೆಳಕಿನಡಿ ರಸ್ತೆಯ ಅಂಚಿನ ಕಲ್ಲು, ಹುಲ್ಲು, ನೀರು ಹರಿದ ಗೆರೆ ಎಲ್ಲ ಕಾಣುತ್ತಿದ್ದವು. ಮಂಜು ನೆಲದಿಂದ ಒಂದು ಮೊಳ ಮೇಲೆದ್ದು ನಿಂತಂತಿತ್ತು. ಎರಡನೇ ತಿರುವಿನಲ್ಲಿ ದುಗ್ಗಮ್ಮ ಥಟ್ಟನೆ ನಿಂತು ಕೈ ಅಡ್ಡ ಮಾಡಿದಳು. ನಾಲ್ಕು ಮಾರು ಮುಂದೆ, ಹಿಂದಿನ ದೀಪವೇ ಇಲ್ಲದ ಲಾರಿಯೊಂದು ಕೆಟ್ಟು ನಿಂತಿತ್ತು. ಶೇಷಪ್ಪ ಬ್ರೇಕು ಒತ್ತಿದ. ಪಕ್ಕದಿಂದ ನಿಧಾನವಾಗಿ ಕಾರು ದಾಟಿಸಿದ. ಅರ್ಧ ಘಾಟಿ ಇಳಿದ ಮೇಲೆ ಮಂಜು ಹರಿಯಿತು. ಅವಳು ಒದ್ದೆಯಾಗಿ ಬಂದು ಕೂತಾಗ ಶೇಷಪ್ಪ ಹಿಂದಕ್ಕೆ ತಿರುಗಿದ. ತನ್ನ ಉಣ್ಣೆಯ ಶಾಲು ತೆಗೆದು ಕೊಟ್ಟ. ಅದೇ ಸಂಜೆ ಸಿದ್ದಾಪುರದಲ್ಲಿ ಅವಳಿಗೆ ಮೊಮ್ಮಗಳು ಹುಟ್ಟಿದಳು.

ಆ ವಾರವೇ ಶೇಷಪ್ಪ ತೀರ್ಥಹಳ್ಳಿಗೆ ಬಾಡಿಗೆಯಿಲ್ಲದೆ ಹೋದ. ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದ.

"ಈಗ ಹತ್ತು ನಿಮಿಷ ಅಲ್ಲ, ಇಡೀ ದಿನ ನಿಲ್ತೀನಿ ಸಾಹುಕಾರ್ರೇ."

ನಾಗರಾಜಪ್ಪ ನಗಲಿಲ್ಲ. ಬಾನೆಟ್ಟು ಎತ್ತಿ, ದೀಪದ ಹಿಂದಿನಿಂದ ಕಾರಿನ ಮೈಗೆ ಹೋಗುವ ಅರ್ತ್ ವೈರನ್ನು ಬಿಚ್ಚಿ ತೋರಿಸಿದ. ತುದಿ ಪೂರಾ ತುಕ್ಕು. "ಬಲ್ಬಿಗೆ ಕರೆಂಟೇ ಸರಿಯಾಗಿ ಹೋಗ್ತಿರಲಿಲ್ಲ. ಮೊದಲಿನ ಬಲ್ಬಿನದ್ದೇನೂ ತಪ್ಪಿಲ್ಲ." ಇನ್ನೊಂದು ವೈರಿನ ಮೇಲಿನ ರಬ್ಬರು ಬಿಸಿಗೆ ಸುಟ್ಟು ಕರಕಲಾಗಿತ್ತು. "ಅರವತ್ತು ವ್ಯಾಟಿಗೆ ಈ ವೈರೂ ಸಾಲದು, ಡೈನಮೋನೂ ಸಾಲದು. ಇನ್ನೊಂದು ತಿಂಗಳು ಹೋಗಿದ್ರೆ ಹೊಗೆ ಬರ್ತಿತ್ತು."

ತುಕ್ಕು ಕೆರೆದು, ಹೊಸ ವೈರು ಎಳೆದು, ಮೂವತ್ತಾರರ ಬಲ್ಬನ್ನೇ ಹಾಕಿದ. ಅಕ್ಕಿ ಗಿರಣಿಯ ಗೋಡೆಯೆದುರು ಹದಿನೈದು ಹೆಜ್ಜೆ ದೂರದಲ್ಲಿ ಕಾರು ನಿಲ್ಲಿಸಿ, ದೀಪದ ಎತ್ತರಕ್ಕೆ ಸರಿಯಾಗಿ ಗೋಡೆಯ ಮೇಲೆ ಇದ್ದಿಲ ಗೆರೆ ಎಳೆದು, ಬೆಳಕು ಗೆರೆಯಿಂದ ನಾಲ್ಕು ಬೆರಳು ಕೆಳಗೆ ಬೀಳುವವರೆಗೆ ಸ್ಕ್ರೂ ತಿರುಗಿಸಿದ. ಶೇಷಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ತನ್ನ ದೀಪಗಳು ಇಷ್ಟು ದಿನ ಒಂದು ಆಕಾಶವನ್ನೂ ಇನ್ನೊಂದು ಗದ್ದೆಯನ್ನೂ ನೋಡುತ್ತಿದ್ದವು!

ಕೊನೆಗೆ ನಾಗರಾಜಪ್ಪ ಹಳದಿ ಗಾಜಿನ ಒಂದು ಮಂಜುದೀಪ ತಂದ. ಶೇಷಪ್ಪ ಅದನ್ನು ಬಂಪರಿನ ಮೇಲೆ, ಎಲ್ಲರಿಗೂ ಕಾಣುವಂತೆ ಹಿಡಿದು ನೋಡಿದ. ಮರುಕ್ಷಣ ತಾನೇ ಕುಕ್ಕರುಗಾಲಲ್ಲಿ ಕೂತು ಬಂಪರಿನ ಅಡಿಗೆ ಹಿಡಿದ.

"ಇಲ್ಲೇ ಅಲ್ವಾ?"

"ಅಲ್ಲೇ. ಯಾರು ಹೇಳಿಕೊಟ್ಟದ್ದು?"

"ದುಗ್ಗಮ್ಮ" ಎಂದ ಶೇಷಪ್ಪ.

ಮುಂದಿನ ಸಲ ಹುಲಿಕಲ್ಲಿನಲ್ಲಿ ಮಂಜು ಕವಿದಾಗ ಹೆಡ್‌ಲೈಟು ಆರಿಸಿ ಹಳದಿ ದೀಪವೊಂದನ್ನೇ ಹಾಕಿದ. ಬೆಳಕು ದೂರ ಹೋಗಲಿಲ್ಲ. ಆದರೆ ಎರಡು ಅಂಚೂ ಕಂಡವು, ನಿಧಾನಕ್ಕೆ ಹೋಗುವವನಿಗೆ ಅಷ್ಟು ಸಾಕಿತ್ತು. ಘಾಟಿಯ ತಲೆಯಲ್ಲಿ ಕಾದು ನಿಂತಿದ್ದ ಬಸ್ಸೊಂದು ಅವನ ಹಿಂದೆಯೇ ಇಳಿಯಿತು. ಕೆಳಗೆ ಮುಟ್ಟಿದ ಮೇಲೆ ನೋಡಿದರೆ ಜಟ್ಟಿಂಗಪ್ಪ. ಇಬ್ಬರೂ ಹೊಸಂಗಡಿಯ ಹೋಟೆಲಿನಲ್ಲಿ ಕೂತು ಬಿಸಿ ಬನ್ಸು ತಿಂದರು. ಬೇಸಿಗೆಯಲ್ಲಿ ಕಣ್ಣು ಕುರುಡು ಮಾಡಿದ್ದಕ್ಕೆ ಶೇಷಪ್ಪ ತಡವಾಗಿಯಾದರೂ ತಪ್ಪಾಯ್ತು ಎಂದ. "ಹೋಗ್ಲಿ ಬಿಡೋ" ಎಂದ ಜಟ್ಟಿಂಗಪ್ಪ, "ನಮ್ಮ ಬಸ್ಸಿಗೂ ಅಂಥದ್ದೊಂದು ಹಾಕ್ಸಬೇಕು, ಓನರ್ರಿಗೆ ನೀನೇ ಹೇಳು."

ಶೇಷಪ್ಪ ಹೇಳಿದ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿ, ಎರಡು ಮಳೆಗಾಲ ಕಳೆಯುವುದರೊಳಗೆ ಸಾಗರದ ಲಾರಿಯವರೂ ಭಾನುವಾರ ಅವನನ್ನು ಹುಡುಕಿಕೊಂಡು ಬರತೊಡಗಿದರು. ಯಾರದ್ದೋ ತುಕ್ಕು ಕೆರೆಯುವುದು, ಯಾರದ್ದೋ ದೀಪ ಗೋಡೆಗೆ ಹಿಡಿದು ಇಳಿಸುವುದು. ಅವನ ಮನೆಯ ಪಡಸಾಲೆಯ ಹೊರಗೋಡೆಯ ತುಂಬ ಇದ್ದಿಲ ಗೆರೆ. ಹೆಂಡತಿ ಮಾಸ್ತಮ್ಮ ದೀಪಾವಳಿಗೆ ಸುಣ್ಣ ಹೊಡೆದ ಮೂರನೇ ದಿನ ಮತ್ತೆ ಮೂರು ಗೆರೆ ಬಿದ್ದಿದ್ದವು.

"ಗೋಡೆ ಯಾರಪ್ಪನ ಮನೇದು ಅಂದ್ಕಂಡೀರಿ?" ಎಂದು ಅವಳು ರೇಗಿದಳು.

"ನಿನ್ನದೇ ಮಾರಾಯ್ತಿ. ಮೂರು ಕಾಫಿ ಕೊಡು, ಒಂದಕ್ಕೆ ಸಕ್ಕರೆ ಬೇಡ."

ಮಾಸ್ತಮ್ಮ ಗೊಣಗುತ್ತಲೇ ಒಳಗೆ ಹೋಗಿ ನಾಲ್ಕು ಲೋಟ ತಂದಳು. ತನ್ನದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು, "ಎಡಗಡೇ ಬೆಳಕು ಇನ್ನೂ ಮೇಲಿದೆ ನೋಡಿ" ಎಂದಳು.