ಪಿಸ್ಟನ್ ಮೇಲಿಟ್ಟ ಕಣಕ

ಕಿವಿ ಮಂದವಾಗಿದ್ದನ್ನು ನಾನು ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್ ಅದನ್ನು ಯಾವ ಬಾಯಿಂದ ಹೇಳಬೇಕು? ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕೆಟ್ಟಿದ್ದು ಇಂಥದ್ದೇ ಎಂದು ಹೇಳುತ್ತೇನೆಂದೇ ಧಾರವಾಡದಲ್ಲಿ ನನಗೆ ಗಿರಾಕಿಗಳು. ಮೂವತ್ತು ವರ್ಷ ಅದರಿಂದಲೇ ಅನ್ನ ತಿಂದಿದ್ದೇನೆ. ಈಚೆಗೆ ಬೆಳಿಗ್ಗೆ ಶಟರ್ ಎತ್ತುವಾಗಲೇ ಸುಸ್ತು. ಕೇಳದೆ ಇರುವುದಲ್ಲ, ಕೇಳಿದವನ ಹಾಗೆ ದಿನವಿಡೀ ಮುಖ ಮಾಡಿಕೊಂಡು ನಿಲ್ಲುವುದು ದಣಿಸುತ್ತದೆ.

ಹತ್ತಿರದ ಮುಗದ ಹಳ್ಳಿಯ ಒಬ್ಬ ಡ್ರೈವರ್ ತನ್ನ ಟೆಂಪೊ ನನ್ನಲ್ಲೇ ರಿಪೇರಿ ಮಾಡಿಸುತ್ತಾನೆ. ಊರಿನ ಮಕ್ಕಳನ್ನು ಧಾರವಾಡದ ಶಾಲೆಗೆ ತಂದು ಬಿಡುತ್ತಾನೆ. ಹಳೆಯ ಗಿರಾಕಿ, ಒಳ್ಳೆಯವನು, ಆದರೆ ಗಂಟಲು ದೊಡ್ಡದು. ಬರಬರುತ್ತ ಇನ್ನೂ ದೊಡ್ಡದಾಗಿತ್ತು. ದಿನಾ ಮಕ್ಕಳ ಗದ್ದಲದಲ್ಲಿರುವವನು, ರೂಢಿಯಾಗಿರಬೇಕು ಎಂದುಕೊಂಡಿದ್ದೆ. ಬೇಸಿಗೆ ರಜೆಯಲ್ಲಿ ಅವನ ಎಂಜಿನ್ ಪೂರಾ ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟೆ. ಶಾಲೆ ಶುರುವಾದ ವಾರಕ್ಕೇ ವಾಪಸ್ ಬಂದ.

“ಕಾಕಾ, ಟಿಕ್ ಟಿಕ್ ಅನ್ನಾಕತ್ತೈತ್ರಿ. ಸ್ವಲ್ಪ ನೋಡ್ರಿ,” ಎಂದ.

ಸ್ಕ್ರೂಡ್ರೈವರ್ ಇಟ್ಟು ಕಣ್ಣು ಮುಚ್ಚಿದೆ. ಏನೂ ಇಲ್ಲ. “ಹೊಸಾದು ಹಂಗ ಇರತೈತಿ. ಓಡಿದಂಗ ಸರಿ ಆಗತೈತಿ, ಹೋಗು,” ಎಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ ಹೋದ.

ಎರಡು ದಿನ ಬಿಟ್ಟು ಮತ್ತೆ ಬಂದ. ನನ್ನ ಹೆಂಡತಿ ಆಗಷ್ಟೇ ಬುತ್ತಿ ತಂದಿದ್ದಳು. ಎಂಜಿನ್ ಓಡುತ್ತಿತ್ತು. ಬುತ್ತಿ ಕೆಳಗಿಡುತ್ತ ಅವಳು, “ಅದೇನ್ರಿ ಅದು, ಒಳಗ ಯಾರೋ ಚಮಚದ್ಲೆ ತಾಟು ಬಡದಂಗ?” ಎಂದಳು.

ಅವಳಿಗೆ ಕೇಳಿದ್ದು ನನಗೆ ಕೇಳುತ್ತಿಲ್ಲ. ಅಂಥ ಸದ್ದು ವಾಲ್ವಿನದೂ ಇರಬಹುದು; ಅದು ಮುರಿದು ಒಳಗೆ ಬಿದ್ದರೆ ಎಂಜಿನ್ ನಡುರಸ್ತೆಯಲ್ಲಿ ಹಿಡಿದು ನಿಲ್ಲುತ್ತದೆ, ಹಿಂದೆ ಲಾರಿ ಇರುತ್ತದೆ, ಒಳಗೆ ಮಕ್ಕಳು. ಗಾಡಿ ಇಲ್ಲೇ ಬಿಡು, ಮಕ್ಕಳಿಗೆ ಬೇರೆ ಗಾಡಿ ಹೇಳು ಎಂದು ಅವನನ್ನು ತಡೆದೆ.

ಆಮೇಲೆ ಮೊದಲೇ ಕೇಳಬೇಕಾಗಿದ್ದನ್ನು ಕೇಳಿದೆ. “ಮುಂಜಾನೆ ಥಂಡಿ ಇದ್ದಾಗ ಹೆಚ್ಚೇನು? ಬಿಸಿ ಆದ ಮ್ಯಾಲೆ ಕಮ್ಮಿ ಆಗತೈತಿ?”

“ಕಮ್ಮಿ ಆಗಂಗಿಲ್ರಿ. ರೇಸ್ ಕೊಟ್ರ ಇನ್ನೂ ಹೆಚ್ಚಾಗತೈತಿ.”

ಪಿಸ್ಟನ್ ಸಡಿಲವಾಗಿದ್ದರೆ ಬಿಸಿಯಾದ ಮೇಲೆ ಸದ್ದು ತಗ್ಗಬೇಕು. ಅದಲ್ಲ. ವಾಲ್ವಿನ ಮೇಲಿನ ಸಂದಿಗೆ ಗೇಜಿನ ತೆಳು ಪಟ್ಟಿ ಹಾಕಿ ನೋಡಿದೆ, ಅದೂ ಸರಿ ಇತ್ತು. ಉಳಿದದ್ದು ಒಂದೇ: ವಾಲ್ವ್ ಕೆಳಗಿಳಿದು ಪಿಸ್ಟನ್ನಿಗೇ ತಾಗುತ್ತಿದೆ. ವಾಲ್ವುಗಳು ಕೂತಿರುವ ಮೇಲಿನ ಮುಚ್ಚಳ, ಅಂದರೆ ಹೆಡ್ ಬಿಚ್ಚಿದೆ. ಪಿಸ್ಟನ್ನಿನ ನೆತ್ತಿಯ ಮಸಿಯಲ್ಲಿ ಹೊಳೆಯುವ ಅರ್ಧ ವೃತ್ತದ ಗುರುತು ಕಂಡಿತು.

ವಾಲ್ವಿಗೂ ಪಿಸ್ಟನ್ನಿಗೂ ಅಂತರ ಎಷ್ಟಿದೆ ಎಂದು ನೋಡಲು ನನ್ನ ಉಸ್ತಾದರು ಕಲಿಸಿದ್ದು ಕಣಕದ ದಾರಿ. ಗೋಧಿ ಹಿಟ್ಟು ಗಟ್ಟಿಯಾಗಿ ನಾದಿ ತಾ ಎಂದು ಹೆಂಡತಿಗೆ ಹೇಳಿದೆ.

“ಜ್ವಾಳದ ಹಿಟ್ಟು ನಾದಿದ್ದ ಐತಲ್ರಿ.”

“ಅದು ಬಿರೀತೈತಿ.”

“ನಮಗ ರೊಟ್ಟಿ, ಎಂಜಿನ್ನಿಗೆ ಚಪಾತಿ. ಆತು ಬಿಡ್ರಿ,” ಎಂದು ಹೋಗಿ ತಂದುಕೊಟ್ಟಳು.

ಪಿಸ್ಟನ್ ಮೇಲೆ ಕಣಕ ಹಚ್ಚಿ, ವಾಲ್ವಿಗೆ ಅಂಟದಂತೆ ಎಣ್ಣೆ ಸವರಿ, ಹೆಡ್ ಕೂರಿಸಿ ಬಿಗಿದು, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ಎರಡು ಸುತ್ತು ತಿರುಗಿಸಿದೆ. ಮತ್ತೆ ಬಿಚ್ಚಿ ಬ್ಲೇಡಿನಿಂದ ಕೊಯ್ದು ನೋಡಿದರೆ, ವಾಲ್ವ್ ಒತ್ತಿದ ಜಾಗದಲ್ಲಿ ಕಣಕ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗೆ ಉಳಿದಿತ್ತು. ಎಂಜಿನ್ ಜೋರಾಗಿ ಓಡುವಾಗ ಅಷ್ಟು ಅಂತರವೂ ಉಳಿಯುವುದಿಲ್ಲ.

ಬೇಸಿಗೆಯಲ್ಲಿ ಎಂಜಿನ್ ಕಟ್ಟುವಾಗ, ಸೊಟ್ಟಗಾಗಿದ್ದ ಆ ಹೆಡ್ಡಿನ ತಳವನ್ನು ಇಲ್ಲೇ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಲೇತಿನಲ್ಲಿ ಹೆರೆಸಿ ಸಪಾಟು ಮಾಡಿಸಿದ್ದೆ. ಮಷಿನ್ನಿನ ಸದ್ದಿನಲ್ಲಿ ಲೇತಿನವನು ಹೆಡ್ ತೋರಿಸಿ ಏನೋ ವಿವರಿಸಿದ. ನಾನು ಹೂಂ ಹೂಂ ಎಂದು ತಲೆಯಾಡಿಸಿ ಬಂದೆ. ಹೆಚ್ಚು ಹೆರೆಯಬೇಕಾಯಿತು, ವಾಲ್ವ್ ಪಿಸ್ಟನ್ನಿಗೆ ಹತ್ತಿರವಾಗುತ್ತದೆ, ಹೆಡ್ಡಿನ ಕೆಳಗೆ ದಪ್ಪ ಗ್ಯಾಸ್ಕೆಟ್ ಹಾಕು ಎಂದೇ ಹೇಳಿರಬೇಕು. ನಾನು ಅಳೆಯಲೂ ಇಲ್ಲ. ತಪ್ಪನ್ನು ಲೇತಿನವನ ತಲೆಗೆ ಕಟ್ಟುವುದು ಸುಲಭವಿತ್ತು, ನಾಲಿಗೆಯ ತುದಿಗೂ ಬಂದಿತ್ತು. ಆದರೆ ಇನ್ನೊಂದು ಸುಳ್ಳು ಹೊತ್ತು ತಿರುಗುವ ಶಕ್ತಿ ನನ್ನಲ್ಲಿರಲಿಲ್ಲ.

“ತಪ್ಪು ನಂದ,” ಎಂದು ಡ್ರೈವರನಿಗೆ ಹೇಳಿದೆ. “ನನಗ ಕಿವಿ ಕೇಳಂಗಿಲ್ಲ.”

“ಗೊತ್ತೈತ್ರಿ ಕಾಕಾ,” ಎಂದ ಅವನು. “ಎರಡ ವರ್ಷ ಆತು, ನಿಮ್ಮ ಮುಂದ ನಾ ಒದರೇ ಮಾತಾಡತೇನಿ. ಬ್ಯಾರೆ ಕಡೆ ನಾ ಇಷ್ಟ ಜೋರ ಮಾತಾಡಂಗಿಲ್ರಿ.”

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಮತ್ತ ಇಲ್ಲಿಗೇ ಯಾಕ ಬರ್ತಿ?”

“ನಿಮ್ಮ ಕೈ ಚೊಲೋ ಅದಾವ್ರಿ. ಆದ್ರ ಸದ್ದ ಬರ್ತೈತಿ ಅಂದಾಗ ನನ್ನ ಮಾತರೆ ನಂಬಬೇಕಿತ್ತ್ರಿ. ಒಳಗ ಹುಡುಗ್ರು ಇರ್ತಾವ.”

ಮರುದಿನ ಹುಬ್ಬಳ್ಳಿಯಿಂದ ದಪ್ಪ ಗ್ಯಾಸ್ಕೆಟ್ ತಂದೆ. ಪಿಸ್ಟನ್ ತಾಗಿ ತುಸು ಬಾಗಿದ್ದ ವಾಲ್ವ್ ಬದಲಿಸಿ, ಮತ್ತೊಮ್ಮೆ ಕಣಕ ಇಟ್ಟು ಅಳೆದು, ಸರಿಯಾದ ಮೇಲೆ ಎಂಜಿನ್ ಕಟ್ಟಿ ಶುರು ಮಾಡಿದೆ. ಸ್ಕ್ರೂಡ್ರೈವರನ್ನು ಡ್ರೈವರನ ಕೈಗೆ ಕೊಟ್ಟೆ. ಅವನು ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದ. ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಬಹಳ ಹೊತ್ತಾದ ಮೇಲೆ ಅವನು ನನ್ನ ಕಡೆ ತಿರುಗಿ, ಎಂದಿನಂತೆ ಒದರಿದ: “ಏನೂ ಇಲ್ರಿ, ಕಾಕಾ.”

ಅದು ನನಗೆ ಸರಿಯಾಗಿ ಕೇಳಿತು.