ಒಪ್ಪಿಗೆ ಇಲ್ಲೆ ಎಂದ ಸಿಸಿಲಿ ಬಾಯಿ

೨೦೦೩ರಲ್ಲಿ ನಾನು ಕುಂದಾಪುರದಲ್ಲಿ ವಕೀಲಿಕೆ ಮಾಡುತ್ತಿದ್ದೆ. ಹಿಂದೂ ಮನೆಯವಳಾದರೂ ಕಾನ್ವೆಂಟಿನಲ್ಲಿ ಓದಿದವಳೆಂಬ ಒಂದೇ ಕಾರಣಕ್ಕೆ ಬಾರ್‌ನ ಹಿರಿಯರು ಕ್ರಿಶ್ಚಿಯನ್ ಕಕ್ಷಿದಾರರನ್ನೆಲ್ಲ ನನ್ನ ಆಫೀಸಿಗೇ ಅಟ್ಟುತ್ತಿದ್ದರು. "ನಿಮಗೆ ಅವರ ಪ್ರೇಯರ್ ಎಲ್ಲ ಬಾಯಿಪಾಠ ಅಲ್ಲವಾ ಮೇಡಂ" ಎಂದು ತಮಾಷೆ ಬೇರೆ. ಬಾಯಿಪಾಠ ಇದ್ದದ್ದು ನಿಜ. ಸಿಸ್ಟರುಗಳು ಅಷ್ಟು ಚೆನ್ನಾಗಿ ಕಲಿಸಿದ್ದರು.

ಹಾಗೆ ಬಂದವರು ಗುಲ್ವಾಡಿಯ ಸಿಸಿಲಿ ಬಾಯಿ. ಹೆಸರು ಬದಲಿಸಿದ್ದೇನೆ. ನಲವತ್ತರ ಆಚೀಚಿನ ಹೆಂಗಸು, ಮನೆಯಲ್ಲೇ ಟೈಲರಿಂಗ್. ಗಂಡ ಲಾರೆನ್ಸ್ ಮುಂಬೈಗೆ ಹೋದವನು ಅಲ್ಲಿ ಬೇರೊಬ್ಬಳೊಡನೆ ಸಂಸಾರ ಹೂಡಿ ವರ್ಷಗಳಾಗಿದ್ದವು. ಈಗ ಅವನಿಗೆ ಡೈವೋರ್ಸ್ ಬೇಕಿತ್ತು. ಸಿಸಿಲಿ ಬಾಯಿ ಒಪ್ಪಿದರೆ ಗುಲ್ವಾಡಿಯ ಮನೆಯನ್ನು ಅವರ ಹೆಸರಿಗೆ ಬರೆದುಕೊಡುವುದು, ಒಪ್ಪದಿದ್ದರೆ ಮಾರಿಬಿಡುವುದು. ಮನೆ ಇದ್ದದ್ದು ಅವನ ಹೆಸರಿನಲ್ಲಿ. ಅದರಲ್ಲಿ ಇದ್ದದ್ದು ಇವರು ಮತ್ತು ಪಿಯುಸಿ ಓದುವ ಮಗಳು.

ಕ್ರಿಶ್ಚಿಯನ್ನರ ವಿಚ್ಛೇದನದ ಕಾನೂನು ೨೦೦೧ರಲ್ಲಷ್ಟೇ ತಿದ್ದುಪಡಿಯಾಗಿತ್ತು. ಮೊದಲೆಲ್ಲ ತಪ್ಪು ಸಾಬೀತು ಮಾಡಬೇಕಿತ್ತು. ಈಗ ಗಂಡ ಹೆಂಡತಿ ಸೇರಿಯೇ ಅರ್ಜಿ ಹಾಕಬಹುದು, ಅಂದರೆ ಮ್ಯೂಚುವಲ್ ಕನ್ಸೆಂಟ್. ಅರ್ಜಿ ಹಾಕಿ ಆರು ತಿಂಗಳಾದ ಮೇಲೆ ಜಡ್ಜ್ ಇಬ್ಬರನ್ನೂ ಕರೆದು, ಒಪ್ಪಿಗೆ ಇನ್ನೂ ಇದೆಯೇ ಎಂದು ಕೇಳುತ್ತಾರೆ. ವಕೀಲರ ಬಾಯಲ್ಲಿ ಅದಕ್ಕೆ ಫಾರ್ಮಾಲಿಟಿ ಎಂದೇ ಹೆಸರು.

ಸಿಸಿಲಿ ಬಾಯಿ ಬಂದದ್ದು ಅಣ್ಣ ಬೊನಿಫಾಸರ ಜೊತೆ. ಇವರು ತಲೆತಗ್ಗಿಸಿ ಕುಳಿತಿದ್ದರೆ ಮಾತೆಲ್ಲ ಅಣ್ಣನದು. "ಹ್ವಾಯ್ ಸಿಸಿಲಿ, ಮನಿ ಹೋರೆ ಎಲ್ಲಿಗ್ ಹೋಪುದ್? ಇಗರ್ಜಿ ಜಗಲಿ ಮೇಲ್ ಮನ್ಕಂಬುದಾ? ಪಾದ್ರಿಗಳೇ ಅಡ್ಡಿಲ್ಲ ಅಂದಿರ್, ನಿಂದ್ ಎಂತ ದೊಡ್ಡ ಭಕ್ತಿ!"

ಪಾದ್ರಿಗಳು ಹೇಳಿದ್ದು ಹೌದು. ಮನೆ ಉಳಿಸಿಕೊಳ್ಳಲು ಕೋರ್ಟಿನ ಕಾಗದಕ್ಕೆ ಸಹಿ ಹಾಕಿದರೆ ಪಾಪವಲ್ಲ, ಇಗರ್ಜಿಯ, ಅಂದರೆ ಚರ್ಚಿನ, ಲೆಕ್ಕದಲ್ಲಿ ಮದುವೆ ಹಾಗೇ ಇರುತ್ತದೆ ಎಂದಿದ್ದರು. ನನ್ನ ಸಲಹೆಯೂ ಅದೇ. ಸಿಸಿಲಿ ಬಾಯಿ ಸಹಿ ಹಾಕಿದರು.

ಆರು ತಿಂಗಳ ನಂತರ ಉಡುಪಿಯ ಜಿಲ್ಲಾ ನ್ಯಾಯಾಲಯ. ಲಾರೆನ್ಸ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂಬೈಯಿಂದ ಬಂದಿದ್ದ. ಮನೆ ವರ್ಗಾವಣೆಯ ಕರಾರು ರೆಡಿ ಇತ್ತು. ಜಡ್ಜ್ ಸಿಸಿಲಿ ಬಾಯಿಯನ್ನು ಕೇಳಿದರು, "ಸ್ವಂತ ಮನಸ್ಸಿನಿಂದ ಒಪ್ಪಿದ್ದೀರೇನಮ್ಮ?"

"ಇಲ್ಲೆ ಸ್ವಾಮಿ. ಒಪ್ಪಿಗಿ ಇಲ್ಲೆ."

ಜಡ್ಜ್ ಮತ್ತೊಮ್ಮೆ, ನಿಧಾನವಾಗಿ ಕೇಳಿದರು. ಉತ್ತರ ಅದೇ. ಅರ್ಜಿ ವಜಾ ಆಯಿತು.

ಹೊರಗಿನ ಜಗಲಿಯಲ್ಲಿ ಲಾರೆನ್ಸ್ ಅವರನ್ನು ಅಡ್ಡಗಟ್ಟಿದ. "ನನ್ ಮೇಲ್ ಸೇಡ್ ತೀರ್ಸ್ಕಂತ್ಯಾ?"

"ಸೇಡ್ ಎಂತಕೆ? ಕಷ್ಟ ಬಂದ್ರೂ ಬಿಡುದಿಲ್ಲ ಅಂತ ಮದ್ವಿ ದಿನ ಇಗರ್ಜಿ ಅಲ್ತಾರಿನ ಎದ್ರ್ ಇಬ್ರೂ ಹೇಳಿದ್ದ್. ನೀವ್ ಮರ್ತ್ರಿ. ನಾನೂ ಮರ್ತ್ರೆ ಆ ಮಾತ್ ಇಟ್ಕಂಡವ್ರ್ ಯಾರೂ ಇಲ್ಲೆ ಅಲ್ದಾ?"

ಅವನು ಮೆಟ್ಟಿಲಿಳಿದು ಹೋದ. ಬೊನಿಫಾಸರು ಅದೇ ದಿನ ತಂಗಿಯ ಜೊತೆ ಮಾತು ಬಿಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಸಿಸಿಲಿ ಬಾಯಿ ನನ್ನ ಪಕ್ಕದಲ್ಲೇ ಕುಳಿತಿದ್ದರು. ಬ್ರಹ್ಮಾವರ ದಾಟಿದ ಮೇಲೆ ತಾವಾಗಿಯೇ ಹೇಳಿದರು. ಸಹಿ ಹಾಕಿದಂದಿನಿಂದ ಇಗರ್ಜಿಯ ಪೂಜೆಯಲ್ಲಿ ಪರಮಪ್ರಸಾದ, ಅಂದರೆ ಕ್ರಿಸ್ತನ ಶರೀರವೆಂದು ಪಾದ್ರಿಗಳು ಕೊಡುವ ರೊಟ್ಟಿ, ತೆಗೆದುಕೊಂಡಿರಲಿಲ್ಲವಂತೆ. ಬೇಡ ಎಂದವರು ಯಾರೂ ಇಲ್ಲ. ಎಲ್ಲರೂ ಸಾಲು ನಿಂತಾಗ ಇವರು ಹಿಂದಿನ ಬೆಂಚಿನಲ್ಲೇ ಕುಳಿತಿರುತ್ತಿದ್ದರು. "ಬಾಯಂಗೆ ಸುಳ್ ಇಟ್ಕಂಡ್ ಅದನ್ನ ಹ್ಯಾಂಗ್ ತಕಂಬುದ್ ವಕೀಲ್ರೆ? ಒಪ್ಪಿದೆ ಅಂತ ಬರ್ದಿತ್ ಕಾಗ್ದದಂಗೆ. ನಾ ಒಪ್ಪಿರ್ಲಿಲ್ಲ."

ಕಾನ್ವೆಂಟಿನಲ್ಲಿ ಆ ಪ್ರಾರ್ಥನೆಗಳನ್ನೆಲ್ಲ ನಾನು ಬರೀ ಬಾಯಿಪಾಠ ಮಾಡಿದ್ದೆ.

ಮನೆ ಮಾರಾಟ ತಡೆಯಲು ದಾವೆ ಹಾಕೋಣ, ಜೀವನಾಂಶ ಕೇಳೋಣ ಎಂದೆ. ಬೇಡ ಎಂದರು. "ಅವ್ರ್ ಮೇಲ್ ಕೇಸ್ ಹಾಕುಕ್ ನಾ ನಿಂತದ್ದಲ್ಲ." ಮರುವರ್ಷ ಮನೆ ಮಾರಾಟವಾಯಿತು. ಗಂಡನ ಹೆಸರಿನ ಮನೆಯಲ್ಲೂ ಹೆಂಡತಿಗೆ ವಾಸದ ಹಕ್ಕಿದೆ ಎನ್ನುವ ಕಾನೂನು ೨೦೦೬ರಲ್ಲಿ ಜಾರಿಗೆ ಬಂತು. ಆ ಆ್ಯಕ್ಟನ್ನು ಮೊದಲ ಸಲ ಓದಿದ ದಿನ ನನಗೆ ಗುಲ್ವಾಡಿಯ ಆ ಮನೆಯೇ ನೆನಪಾಯಿತು. ಟೂ ಲೇಟ್. ಅಷ್ಟರಲ್ಲಿ ಸಿಸಿಲಿ ಬಾಯಿ ಕೋಟೇಶ್ವರದಲ್ಲಿ ಅಂಗಡಿಯೊಂದರ ಮೇಲಿನ ಬಾಡಿಗೆ ಕೋಣೆಯಲ್ಲಿದ್ದರು.

೨೦೧೦ರಲ್ಲಿ, ನಾನು ನಿವೃತ್ತಳಾಗುವ ಸ್ವಲ್ಪ ಮೊದಲು, ರವಿಕೆ ಹೊಲಿಸುವ ನೆಪ ಮಾಡಿಕೊಂಡು ಅಲ್ಲಿಗೆ ಹೋದೆ. ಮಗಳು ನರ್ಸಾಗಿ ಪರಊರಿಗೆ ಹೋಗಿದ್ದಳು, ಫೋನು ಅಪರೂಪ. ಮನೆ ಕಳೆದದ್ದು ಅಪ್ಪನಲ್ಲ, ಅಮ್ಮ ಎಂದೇ ಅವಳ ಸಿಟ್ಟು. ಕೆಳಗೆ ಹೈವೇ ಬಸ್ಸುಗಳ ಹಾರ್ನ್. ಹೊಲಿಗೆ ಯಂತ್ರದ ಪಕ್ಕದ ಗೋಡೆಯಲ್ಲಿ ಶಿಲುಬೆ.

"ಅವತ್ತು ಹೂಂ ಅಂದುಬಿಡಬೇಕಿತ್ತು ಅಂತ ಅನ್ನಿಸುತ್ತದಾ ಬಾಯಿ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಅಳತೆ ಟೇಪನ್ನು ಕುತ್ತಿಗೆಗೆ ಹಾಕಿಕೊಂಡರು. "ಹೊಳಿ ಬದಿ ಮನಿ ಅಲ್ದಾ, ದಿನಾ ನೆನ್ಪಾತ್ತ್. ಮಗ್ಳ್ ಫೋನ್ ಇಟ್ರೆ ಮತ್ತೂ ಬೇಜಾರ್. ದೇವ್ರ್ ಹತ್ರವೂ ಹೇಳ್ತೆ, ನಿನ್ ಎದ್ರ್ ಕೊಟ್ಟ ಮಾತ್ ಇಟ್ಕಂಡೆ, ನನ್ ಮನಿ ಹೋಯ್ತ್ ಅಂದೇಳಿ. ಅವ್ನಿಗೂ ಗೊತ್ತಾಯ್ಕ್ ಅಲ್ದಾ?" ಎಂದು ನಕ್ಕರು. "ಆದ್ರೆ ಹಿಂದಿನ ಬೆಂಚಿಗ್ ಮತ್ತೆ ಹೋಯ್ಲಿಲ್ಲ ಕಾಣಿ."

ಆ ಕೇಸಿನ ನಂತರ, ಮ್ಯೂಚುವಲ್ ಕನ್ಸೆಂಟ್ ಎಂದು ಯಾರು ಬಂದರೂ ಜೊತೆಗೆ ಬಂದ ಅಣ್ಣ, ಮಾವಂದಿರನ್ನು ಹೊರಗೆ ಕೂರಿಸಿ, ಜಡ್ಜ್ ಕೇಳುವ ಪ್ರಶ್ನೆಯನ್ನು ಹೆಣ್ಣುಮಗಳಿಗೆ ಮೊದಲು ನಾನೇ ಕೇಳುತ್ತಿದ್ದೆ. ಉತ್ತರ ಬರುವವರೆಗೆ ಕಾಯುತ್ತಿದ್ದೆ. ಕೆಲವರು ಇಲ್ಲ ಎಂದರು. ಅವರ ಅರ್ಜಿ ಟೈಪ್ ಆಗಲೇ ಇಲ್ಲ, ಇರುವ ಮನೆ ಉಳಿಸಿಕೊಳ್ಳಲು ಬೇರೆ ದಾರಿ ಹುಡುಕಿದೆವು. ಸಿಸಿಲಿ ಬಾಯಿಗೆ ಮಾತ್ರ ಆ ಪ್ರಶ್ನೆ ಎದುರಾದದ್ದು ತುಂಬಿದ ಕೋರ್ಟಿನಲ್ಲಿ, ನಿಜ ಹೇಳಿದರೆ ತಲೆಯ ಮೇಲಿನ ಸೂರು ಹೋಗುವ ಹೊತ್ತಿನಲ್ಲಿ.