ಕಷಾಯದಕ್ಕನ ನಾಲಿಗೆ

ಕಷಾಯದಕ್ಕ ಕೂತಲ್ಲಿ ಕೂರುವವಳಲ್ಲ. ಇವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಅವಳ ಹೆತ್ತಮ್ಮನೇ ಬೈಯುತ್ತಿದ್ದಳಂತೆ. ಅಂಥವಳ ಪಾಲಿಗೆ ಬಂದ ಕಸುಬು ಎಂಥದ್ದು ನೋಡಿ: ಮರದ ತೊಗಟೆಯನ್ನು ಸಣ್ಣ ಉರಿಯಲ್ಲಿ ಕುದಿಸುತ್ತ ಕಾಯುವುದು. ಹಿಂದಿನ ಸಂಜೆ ನೆನೆಹಾಕಿದ ಚಕ್ಕೆಗಳನ್ನು ಬೆಳಗ್ಗೆ ಒಲೆಗೇರಿಸಬೇಕು, ನೊರೆ ಬಂದ ಹಾಗೆ ತೆಗೆಯುತ್ತಿರಬೇಕು, ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗುವ ತನಕ ಉರಿ ಏರಿಸಕೂಡದು. ಅವಸರ ಮಾಡಿದರೆ ಕಹಿಯ ಬದಲು ಬರೀ ಒಗರು. ಅಕ್ಕ ಕಾಯುತ್ತಿದ್ದಳು, ಇಲ್ಲವೆನ್ನಲಾಗದು. ಆದರೆ ಒಲೆಯಿಂದ ಹಿತ್ತಿಲ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡಿಕೊಂಡು ಕಾಯುತ್ತಿದ್ದಳು.

ಕೊನೆಗೆ ಸೌಟಿನಿಂದ ಒಂದು ಗುಟುಕು ಬಾಯಿಗೆ ಹಾಕಿಕೊಳ್ಳುತ್ತಾಳೆ. ಕಹಿ ನಾಲಿಗೆಯ ಬುಡ ಮುಟ್ಟಿ ಕಿವಿಯ ಹಿಂದೆ ಚುರ್ರೆನ್ನಬೇಕು. ಚುರ್ರೆಂದರೆ ಪಾತ್ರೆ ಇಳಿಸುವ ಹೊತ್ತಾಯಿತು ಎಂದರ್ಥ. ಇಲ್ಲದಿದ್ದರೆ ಇನ್ನೊಂದು ಹಿಡಿ ಚಕ್ಕೆ ಬೀಳುತ್ತದೆ. ಅವಳ ಅತ್ತೆ ಕಲಿಸಿದ್ದು ಇಷ್ಟೇ, ಬೇರೆ ಅಳತೆಯಿಲ್ಲ.

ಮನೆಯ ಮುಂದಿನ ಕೋಣೆಯೇ ಅಂಗಡಿ, ಎದುರಿಗೆ ಬಸ್ ನಿಲ್ದಾಣ. ಕಷಾಯವನ್ನು ಅಲ್ಲಿಗೆ ಒಯ್ದು ಲೋಟಗಳಿಗೆ ಸುರಿದುಕೊಡುವವಳು ಸೊಸೆ. ಮಗ ಲಾರಿ ಓಡಿಸುತ್ತಾನೆ, ಮನೆಗೆ ಬಂದರೆ ನೆಂಟನಿದ್ದ ಹಾಗೆ. ಹೊಟ್ಟೆಗೆ ಒಳ್ಳೆಯದೆಂದು ಕಂಡಕ್ಟರು ಕುಡಿಯುತ್ತಾನೆ, ನಿದ್ದೆ ಬಿಡಿಸುತ್ತದೆಂದು ಕಾವಲುಗಾರ. ಪಕ್ಕದ ಅಂಗಡಿಯ ದರ್ಜಿಯಂತೂ ಇದನ್ನು ಕುಡಿಯದೆ ಸೂಜಿಗೆ ದಾರ ಪೋಣಿಸುವವನಲ್ಲ.

ಬೇಸಿಗೆ ಶುರುವಾದಾಗ ಒಂದು ಬೆಳಗ್ಗೆ ಅಕ್ಕನ ಕಿವಿಯ ಹಿಂದೆ ಏನೂ ಆಗಲಿಲ್ಲ. ಒಂದು ಹಿಡಿ ಚಕ್ಕೆ ಹಾಕಿದಳು. ಮತ್ತೆ ರುಚಿ ನೋಡಿದಳು, ಇನ್ನೊಂದು ಹಿಡಿ ಹಾಕಿದಳು. ಮರುದಿನವೂ ಹಾಗೇ. ತೊಗಟೆಯವನು ಮೂಟೆ ಹೊತ್ತು ಬಂದದ್ದೇ ತಡ, ಬೀದಿಯೆಲ್ಲ ಕೇಳುವಂತೆ ತರಾಟೆಗೆ ತೆಗೆದುಕೊಂಡಳು.

"ಯಾವ ಮರದ್ದೋ ಇದು? ಸೌದೆ ಕೆತ್ತಿ ತಂದು ನನ್ನ ತಲೆ ಸವರ್ತೀಯಾ?"

"ಅಕ್ಕಾ, ಅದೇ ಕಾಡು, ಅದೇ ಮರ. ನನ್ನ ಕೈ ನೋಡು, ಸುಲಿದೂ ಸುಲಿದೂ ಬೆರಳು ನೆಕ್ಕಿದ್ರೂ ಕಹಿ!"

"ನೀನೇ ನೆಕ್ಕು!"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತೊಗಟೆಯಾಯಿತು, ಆಮೇಲೆ ಪಾತ್ರೆಯ ಸರದಿ. ಪಾತ್ರೆ ಉಜ್ಜಿ ಉಜ್ಜಿ ತಳ ತೆಳುವಾಯಿತು. ಆಮೇಲೆ ನಲ್ಲಿ ನೀರು ಬೇಡ, ಬಾವಿ ನೀರೇ ಬೇಕೆಂದಳು. ಹೊಸ ತೊಗಟೆ ಹುಡುಕುತ್ತ ಊರಿನ ಅಂಗಡಿಗಳನ್ನೆಲ್ಲ ಸುತ್ತಿ, ಚಪ್ಪಲಿ ಸವೆಸಿಕೊಂಡು ಬಂದಳು. ಒಂದು ದಿನ ಯಾರೂ ನೋಡದಾಗ ಹಸಿ ಹಾಗಲಕಾಯಿ ಕಚ್ಚಿ ನೋಡಿದಳು. ಸೌತೆಕಾಯಿ ತಿಂದಂತಿತ್ತು. "ಈಗಿನ ಹಾಗಲಕಾಯಿಗೂ ಕಹಿ ಇಲ್ಲ ಬಿಡು" ಎಂದು ಗೋಡೆಗೆ ಹೇಳಿ ಉಳಿದದ್ದನ್ನು ಹಿತ್ತಿಲಿಗೆ ಎಸೆದಳು.

ಗೋಡೆಗೆ ಹೇಳಿದ್ದನ್ನು ತನ್ನ ಮನಸ್ಸಿಗೆ ಹೇಳಲು ಆಗಲಿಲ್ಲ. ನಾಲಿಗೆ ಹೋದರೆ ಕಷಾಯದಕ್ಕನಲ್ಲಿ ಉಳಿಯುವುದೇನು? ಹೆಸರು ಹೋಗುತ್ತದೆ, ಒಲೆ ಹೋಗುತ್ತದೆ. ಒಲೆ ಹೋದ ಮೇಲೆ ಈ ಕಾಲುಗಳು ಎಲ್ಲಿಂದ ಎಲ್ಲಿಗೆ ಓಡಾಡಬೇಕು? ಊಟಕ್ಕೆ ಕೂತರೂ ನಡುವೆ ಎದ್ದುಹೋಗಿ ಪಾತ್ರೆ ಮುಟ್ಟಿ ಬರುತ್ತಿದ್ದಳು. ಒಂದೇ ಒಂದು ಸಮಾಧಾನವೆಂದರೆ ಗಿರಾಕಿಗಳು ಎಂದಿನಂತೆ ಕುಡಿದು, ಮುಖ ಕಿವುಚಿ, ಲೋಟ ಇಟ್ಟು ಹೋಗುತ್ತಿದ್ದರು.

ಆ ಸಮಾಧಾನಕ್ಕೂ ಕಲ್ಲು ಬಿದ್ದದ್ದು ಸೊಸೆ ಸೀಮೆಎಣ್ಣೆ ತರಲು ಹೋಗಿದ್ದ ಬೆಳಗ್ಗೆ. ದರ್ಜಿ ಬಂದು ಕೂಗಿದ. ಅಕ್ಕನೇ ಪಾತ್ರೆಯಿಂದ ಲೋಟ ತುಂಬಿ ತಂದು ಕೊಟ್ಟಳು. ಒಂದು ಗುಟುಕಿಗೆ ಅವನ ಕಣ್ಣು ತುಂಬಿತು, ಎರಡನೆಯದು ಮೂಗಿನಿಂದ ಹೊರಬಂತು. ಲೋಟವನ್ನು ಅಕ್ಕನ ಕೈಗೆ ತುರುಕಿ ಬೀದಿಗೆ ಓಡಿ ಉಗಿದ.

"ಏನಕ್ಕಾ ಇದು, ಕುಡಿಯೋದಾ, ಇಲ್ಲ ತಿಗಣೆಗೆ ಹಾಕೋದಾ? ನಿನ್ನ ಸೊಸೆ ದಿನಾ ಕೊಡೋದು ಇದಲ್ವಲ್ಲ!"

ಅಷ್ಟರಲ್ಲಿ ಸೊಸೆ ಬಂದಳು. ಬೀದಿಯಲ್ಲಿ ಕೆಮ್ಮುವ ದರ್ಜಿಯನ್ನು ನೋಡಿದಳು, ಅತ್ತೆಯ ಕೈಯಲ್ಲಿನ ಲೋಟ ನೋಡಿದಳು. ಡಬ್ಬಿ ಕೆಳಗಿಟ್ಟಳು. ಒಲೆಗೂ ಅಂಗಡಿಗೂ ನಡುವಿನ ಓಣಿಯಲ್ಲಿ ಒಂದು ಬಿಸಿನೀರಿನ ಪಾತ್ರೆ ಸದಾ ಇರುತ್ತಿತ್ತು. ಲೋಟ ತೊಳೆಯಲು ಎಂದು ಅಕ್ಕ ಅಂದುಕೊಂಡಿದ್ದಳು. ಈಗ ಅದರ ಕಡೆ ನೋಡಿದಳು.

"ನೀರು ಬೆರೆಸ್ತಿದ್ದೀಯಾ? ನನ್ನ ಕಷಾಯಕ್ಕೆ ನೀರಾ?"

"ಹೌದು ಅತ್ತೆ."

"ಯಾವತ್ತಿಂದ?"

"ಬೇಸಿಗೆ ಶುರುವಾದಾಗಿಂದ. ಜನ ಅರ್ಧ ಲೋಟ ಚೆಲ್ಲಿ ಹೋಗ್ತಿದ್ರು. ನಾಳೆಯಿಂದ ಬರಲ್ಲ ಅಂತಾನೂ ಕೆಲವರು ಅಂದ್ರು."

"ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಂಗೆ?"

"ಹೇಳಿದ್ರೆ ನೀವು ಒಲೆ ಹತ್ರ ಹೋಗ್ತಿರಲಿಲ್ಲ. ಒಲೆ ಬಿಟ್ಟು ನೀವು ಹೇಗಿರ್ತೀರಿ ಅತ್ತೆ? ನಂಗೆ ಭಯ ಆಯ್ತು."

ಹಾವೂ ಸಾಯದೆ ಕೋಲೂ ಮುರಿಯದೆ ಇಷ್ಟು ದಿನ ಈ ಹುಡುಗಿ ಮನೆ ನಡೆಸಿದ್ದಳು. ಅಕ್ಕನಿಗೆ ಅವಮಾನವಾಯಿತು, ಅಳು ಬಂತು. ಎರಡನ್ನೂ ಎಲ್ಲಿ ಇಡಬೇಕೆಂದು ತಿಳಿಯದೆ ಹಿತ್ತಿಲಲ್ಲಿ ಮಧ್ಯಾಹ್ನದವರೆಗೂ ತಿರುಗಿದಳು.

ಮರುದಿನ ಬೆಳಗ್ಗೆ ನೀರು ಇಟ್ಟಿಗೆಯ ಬಣ್ಣಕ್ಕೆ ಬಂದಾಗ ಸೌಟನ್ನು ಸೊಸೆಯ ಮುಂದೆ ಹಿಡಿದಳು. ಸೊಸೆ ಕುಡಿದಳು. ಅವಳ ಹುಬ್ಬು ಕೂಡಿತು, ಒಂದು ಕಣ್ಣು ಮುಚ್ಚಿತು, ಕೈ ತಾನಾಗಿ ಕಿವಿಯ ಹಿಂದೆ ಹೋಯಿತು. ಅಕ್ಕ ಪಾತ್ರೆ ಇಳಿಸಿದಳು. ಮದುವೆಯಾಗಿ ಬಂದಾಗಿನಿಂದ ಸೊಸೆಯ ಕೈಯನ್ನೇ ನೋಡಿ ತಪ್ಪು ಹುಡುಕಿದವಳು, ಈಗ ದಿನಾ ಅವಳ ಮುಖ ನೋಡಬೇಕಾಯಿತು. ಎಡಗಲ್ಲದಲ್ಲಿ ಒಂದು ಸಣ್ಣ ಮಚ್ಚೆ ಇರುವುದು ಆಗ ಗೊತ್ತಾಯಿತು.

ಮಳೆಗಾಲ ಕಳೆಯಿತು. ಒಂದು ಬೆಳಗ್ಗೆ ಸೊಸೆ ಸೌಟಿನಿಂದ ಕುಡಿದಳು, ಹುಬ್ಬು ಕೂಡಲಿಲ್ಲ.

"ಇನ್ನೂ ಕುದೀಬೇಕೇನೋ ಅತ್ತೆ" ಎಂದಳು.

ಅಕ್ಕ ಬಣ್ಣ ನೋಡಿದಳು. ಇಟ್ಟಿಗೆಗಿಂತ ಕಡುವಾಗಿತ್ತು. ಹೊರಗೆ ಓಡಿ ದರ್ಜಿಯನ್ನು ಅರ್ಧ ಹೊಲಿದ ಅಂಗಿ ತೋಳಿನ ಸಮೇತ ಎಳೆದು ತಂದು ಒಂದು ಗುಟುಕು ಕುಡಿಸಿದಳು. ಕಹಿ ತಡೆಯಲಾರದೆ ಅವನು ಎರಡೂ ಕಣ್ಣು ಮುಚ್ಚಿದ.

"ನಾಳೆಯಿಂದ ನೀನು ಮುಟ್ಟಬೇಡ" ಎಂದು ಸೊಸೆಯ ಕೈಯಿಂದ ಸೌಟು ಕಿತ್ತುಕೊಂಡಳು. "ಈ ದರ್ಜಿಯೇ ನೋಡ್ಲಿ. ಆಮೇಲೆ ಕಂಡಕ್ಟರ್ ನೋಡ್ಲಿ. ಊರೆಲ್ಲ ಸರದಿ ಪ್ರಕಾರ ಕುಡೀಲಿ. ಹೋಗೋದಾದ್ರೆ ಅವರವರ ನಾಲಿಗೆ ಹೋಗ್ಲಿ!"

"ನನ್ನದಾ?" ಎಂದ ದರ್ಜಿ.

ಅಕ್ಕ ಡಬ್ಬಿಗಳನ್ನೆಲ್ಲ ತಡಕಾಡಿ, ಎರಡನ್ನು ಬೀಳಿಸಿ, ಒಂದು ಚಿಟಿಕೆ ಸಕ್ಕರೆ ತಂದು ಸೊಸೆಯ ಬಾಯಿಗೆ ಹಾಕಿದಳು.

"ಸಿಹಿ ಗೊತ್ತಾಗ್ತಿದೆಯಾ?"

"ಆಗ್ತಿದೆ ಅತ್ತೆ."

ಒಮ್ಮೆ ಸುಳ್ಳಿನಿಂದ ತನ್ನನ್ನು ಕಾಪಾಡಿದವಳು ಇವಳು. ಇನ್ನು ಇವಳ ಮಾತನ್ನು ನಂಬುವ ಹಾಗಿರಲಿಲ್ಲ. ಅಕ್ಕ ಎರಡು ಕೈಯಲ್ಲೂ ಆ ಮುಖವನ್ನು ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತ ನಿಂತಳು. ಹಿಂದೆ ಒಲೆಯ ಮೇಲೆ ಪಾತ್ರೆ ಉಕ್ಕುತ್ತಿತ್ತು. ಅವಳು ಅಲುಗಲಿಲ್ಲ.